ಏಳನೆಯ ಆಕ್ಷೇಪಕ್ಕೆ ಉತ್ತರ

ಜನವರಿ 11, ಶನಿವಾರ

ಮದುವೆಯಾದ ವರ್ಷ ಬಿಟ್ಟ ಡೈರಿಯನ್ನು ಇವತ್ತು ಮತ್ತೆ ಹಿಡಿದಿದ್ದೇನೆ. ಕಾರಣ ಸಿಟ್ಟು. ಸ್ಟಾಫ್‌ರೂಮಿನಲ್ಲಿ ಬೈದರೆ ಸಂಜೆಯೊಳಗೆ ಶಿರಂಬೆಯ ಬಸ್‌ಸ್ಟ್ಯಾಂಡಿನವರೆಗೂ ಸುದ್ದಿ. ಮನೆಯಲ್ಲಿ ಬೈದರೆ ಅತ್ತೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದು ಬರುತ್ತಾರೆ. ಹಾಗಾಗಿ ಈ ನೋಟ್‌ಬುಕ್ಕು. ಇದನ್ನು ಪ್ರಯೋಗಾಲಯದ ಒಳಕೋಣೆಯಲ್ಲಿ ಫಿಲ್ಟರ್ ಕಾಗದದ ಡ್ರಾದಲ್ಲಿ ಇಡುತ್ತೇನೆ, ಮಧ್ಯಾಹ್ನದ ಬಿಡುವಿನಲ್ಲಿ, ಇಲ್ಲವೇ ಚೀಲದಲ್ಲಿ ಮನೆಗೆ ಒಯ್ದು ರಾತ್ರಿ ಬರೆಯುತ್ತೇನೆ. ಆ ಡ್ರಾಕ್ಕೆ ಕೈ ಹಾಕುವ ಇನ್ನೊಬ್ಬನೆಂದರೆ ಅಟೆಂಡರ್ ಬಾಪು ಕೋಳಿ. ಅವನು ಲಾಟರಿ ಟಿಕೆಟ್ ಬಿಟ್ಟು ಬೇರೇನನ್ನೂ ಓದುವವನಲ್ಲ.

ಬೆಳಿಗ್ಗೆ ಪ್ರಾಚಾರ್ಯ ಜಗದಾಳೆ ಸರ್ ಕರೆಸಿದರು. ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಮೂರು ಜನರ ತಂಡ ಬಂದಿತ್ತಲ್ಲ, ಅವರ ವರದಿ ಬಂದಿದೆ. ಹದಿನಾಲ್ಕು ಆಕ್ಷೇಪ. ಇಪ್ಪತ್ತೊಂದು ದಿನದಲ್ಲಿ, ಅಂದರೆ ಫೆಬ್ರವರಿ ಒಂದರೊಳಗೆ, ಒಂದೊಂದಕ್ಕೂ ಉತ್ತರ ಕೊಡಬೇಕು. ಒಂದೋ ‘ಒಪ್ಪಿದೆ’ ಎನ್ನಬೇಕು, ಇಲ್ಲವೇ ‘ಇದು ವಾಸ್ತವವಲ್ಲ’ ಎಂದು ಪುರಾವೆ ಹಚ್ಚಬೇಕು.

ಏಳನೆಯದು ನನ್ನ ಮೇಲಿದೆ. ಕಂಠಪಾಠವಾಗಿಬಿಟ್ಟಿದೆ: “ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಪ್ರಯೋಗ ಮಾಡುವವರು ಹುಡುಗರು, ಬರೆದುಕೊಳ್ಳುವವರು ಹುಡುಗಿಯರು. ನಾವು ಅಲ್ಲಿದ್ದ ಎರಡು ಗಂಟೆಯಲ್ಲಿ ಒಬ್ಬ ವಿದ್ಯಾರ್ಥಿನಿಯೂ ಬ್ಯೂರೆಟ್ ಮುಟ್ಟಿದ್ದನ್ನು ಕಾಣಲಿಲ್ಲ.”

ಹತ್ತೊಂಬತ್ತು ವರ್ಷದಿಂದ ಈ ವಿಭಾಗ ನಡೆಸುತ್ತಿರುವವಳು ಒಬ್ಬ ಹೆಂಗಸು. ಆ ಹೆಂಗಸಿಗೇ ಈ ಮಾತು!

“ಮಗದೂಮ ಮೇಡಂ, ಬಾಕಿ ಹದಿಮೂರು ನಾ ನೋಡ್ಕೋತೀನ್ರಿ. ಗ್ರಂಥಾಲಯ, ಸಂಡಾಸ, ನೀರಿನ ಟಾಕಿ, ಎಲ್ಲಾದಕ್ಕೂ ಒಂದೊಂದು ಹಾದಿ ಐತಿ. ಈ ಏಳು ಮಾತ್ರ ಕುತ್ತಿಗಿಗೆ ಬಂದೈತಿ. ಇದು ನಿಂತ್ರ ಗ್ರೇಡ್ ಬಿತ್ತು. ಗ್ರೇಡ್ ಬಿತ್ತಂದ್ರ ನಿಮ್ಮ ಎಂ.ಎಸ್ಸಿ.ನೂ ಬಿತ್ತು” ಎಂದರು ಸರ್.

ನಮ್ಮ ಕಾಲೇಜಿನಲ್ಲೇ ಎಂ.ಎಸ್ಸಿ. ತೆರೆಯಲು ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಈ ಜೂನಿನಲ್ಲಿ ಶುರುವಾಗಬೇಕು. ಇಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿಯರನ್ನು ಮುಂದೆ ಓದಲು ಸಾಂಗಲಿಗೆ ಕಳಿಸುವ ಮನೆ ನೂರಕ್ಕೆ ಹತ್ತು. ಉಳಿದವರ ರಸಾಯನಶಾಸ್ತ್ರ ಚಹಾದ ಪಾತ್ರೆಯಲ್ಲಿ ಮುಗಿಯುತ್ತದೆ. ಏಳನೆಯದನ್ನು ಅಳಿಸಿಹಾಕದಿದ್ದರೆ ನನ್ನ ಹೆಸರು ಉಜ್ವಲಾ ಅಲ್ಲ.

ಜನವರಿ 13, ಸೋಮವಾರ

ಆ ಎರಡು ಗಂಟೆ ನೆನಪಿಸಿಕೊಂಡೆ. ತಂಡದಲ್ಲಿ ಒಬ್ಬರು ವಿದರ್ಭದ ಕಡೆಯ ನಿವೃತ್ತ ಪ್ರಾಧ್ಯಾಪಕಿ. ನೂಲಿನ ಸೀರೆ, ಹವಾಯಿ ಚಪ್ಪಲಿ. ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು, ಒಂದು ಮಾತಿಲ್ಲ. ಪೋಹೆ ಕೊಟ್ಟರೆ ತಿಂದರು, ಚಹಾ ಕೊಟ್ಟರೆ ಕುಡಿದರು. ನಮ್ಮ ಉಪ್ಪು ತಿಂದು ನಮ್ಮ ಮೇಲೇ ಬರೆದಿದ್ದಾರೆ. ಹೊಸಬರು ಕೂತು ನೋಡುತ್ತಿದ್ದರೆ ಹಳ್ಳಿ ಹುಡುಗಿಯರು ನಾಚದೆ ಇರುತ್ತಾರೆಯೇ? ಅಷ್ಟೂ ತಿಳಿಯದವರು ಪ್ರಾಧ್ಯಾಪಕಿ ಹೇಗಾದರು?

ಕಬ್ಬಿನ ಟ್ರಾಕ್ಟರುಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು ಅರ್ಧ ಕ್ಲಾಸು ತಡವಾಗಿ ಬಂತು. ಶರಯೂ ಸುತಾರ ಮಾತ್ರ ಎರಡು ಕಿಲೋಮೀಟರ್ ನಡೆದು ಸಮಯಕ್ಕೆ ಬಂದಿದ್ದಳು. ಮೂರನೇ ವರ್ಷದವಳು, ಎರಡು ವರ್ಷವೂ ಮೊದಲ ಸ್ಥಾನ, ಅಕ್ಷರವಂತೂ ಅಚ್ಚು ಹಾಕಿದ ಹಾಗೆ. ಅಪ್ಪ ಬಡಗಿ. ಕ್ಲಾಸು ಮುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದಳು.

“ಮೇಡಂ, ಎಂ.ಎಸ್ಸಿ. ಇಲ್ಲೇ ಆಗ್ತೈತಂತ ಖರೇ ಏನ್ರಿ? ಇಲ್ಲೇ ಆದ್ರ ಬಾಬಾ ಹ್ಞೂಂ ಅಂದಾರ. ಸಾಂಗ್ಲಿ ಅಂದ್ರ ಬಾಗಿಲಾ ಹಾಕ್ತಾರ.”

“ಆಗ್ತೈತಿ. ನಾ ಹೇಳ್ತೀನಿ ಕೇಳು, ಆಗ್ತೈತಿ” ಎಂದೆ.

ಜನವರಿ 14, ಸಂಕ್ರಾಂತಿ

ರಜೆಯಾದರೂ ಉತ್ತರದ ಕೆಲಸಕ್ಕೆ ಎಲ್ಲರನ್ನೂ ಕರೆಸಿದ್ದರು. ಎಳ್ಳುಬೆಲ್ಲ ಹಂಚುತ್ತ “ತಿಳಗೂಳ ತಗೋರಿ, ಸಿಹಿ ಸಿಹಿ ಮಾತಾಡ್ರಿ” ಅಂದರೆ ಭೌತಶಾಸ್ತ್ರದ ಶಿರೋಳೆ ಸರ್ “ಆ ತಂಡದವರಿಗೂ ಒಂದು ಪೊಟ್ಟಣಾ ಪೋಸ್ಟ್ ಮಾಡ್ರಿ ಮೇಡಂ” ಎಂದರು. ನಕ್ಕೆ. ಒಳಗೊಳಗೇ ಉರಿಯುತ್ತಿತ್ತು.

ಜನವರಿ 17, ಶುಕ್ರವಾರ

ಫೋಟೋದ ಉಪಾಯ ಜಗದಾಳೆ ಸರ್‌ದು. ಆರು ಹುಡುಗಿಯರು, ಬಿಳಿ ಏಪ್ರನ್ನು, ಎದುರಿಗೆ ಒಂದೊಂದು ಬ್ಯೂರೆಟ್. ಹಿಂದಿನ ಕರಿಹಲಗೆಯ ಮೇಲೆ ತಂಡ ಬರುವುದಕ್ಕೂ ಮೊದಲಿನ, ಅಕ್ಟೋಬರಿನ ತಾರೀಖು.

ಸುಳ್ಳು ಅನಿಸಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೆಲಸ ಆಗಿದೆ, ಫೋಟೋ ತೆಗೆದಿರಲಿಲ್ಲ, ಅಷ್ಟೆ ಎಂದುಕೊಂಡೆ. ಇವತ್ತಿನ ಕಾಲೇಜುಗಳಲ್ಲಿ ಗಿಡ ನೆಟ್ಟರೆ ಗಿಡಕ್ಕಿಂತ ಮೊದಲು ಬ್ಯಾನರ್ ನೆಡುತ್ತಾರೆ. ನಾವು ಅದರಲ್ಲಿ ಹಿಂದೆ ಬಿದ್ದೆವು. ತಾರೀಖನ್ನು ನಾನೇ ಬರೆದೆ. ಸೀಮೆಸುಣ್ಣ ಎರಡು ಸಲ ಮುರಿಯಿತು.

ಜನವರಿ 18, ಶನಿವಾರ

ಫೋಟೋ ಬಂದವು. ಆಫೀಸಿನವರೆಲ್ಲ ಝಕಾಸ್ ಅಂದರು. ನಾನು ನೋಡಿದ ತಕ್ಷಣ ಕುರ್ಚಿಯಲ್ಲಿ ಕೂತೆ.

ಬ್ಯೂರೆಟ್ ಎಂದರೆ ನಿಲ್ಲಿಸಿಟ್ಟ ಉದ್ದನೆಯ ಗಾಜಿನ ಕೊಳವೆ, ತುದಿಗೊಂದು ತಿರುಪು. ಹಿಂದಿನಿಂದ ಎಡಗೈ ಬಳಸಿ ತಿರುಪು ಹಿಡಿಯಬೇಕು, ಬಲಗೈಯಲ್ಲಿ ಕೆಳಗಿನ ಫ್ಲಾಸ್ಕನ್ನು ಆಡಿಸುತ್ತಿರಬೇಕು. ಬೀಳುವ ಹನಿ ಬೆರೆಯುತ್ತ ಹೋಗಿ, ಯಾವುದೋ ಒಂದು ಹನಿಗೆ ನೀರು ತೆಳು ಗುಲಾಬಿಯಾಗುತ್ತದೆ. ಆ ಹನಿಗೆ ನಿಲ್ಲಿಸುವುದೇ ವಿದ್ಯೆ. ನಾಲ್ಕು ಸಲ ಮಾಡಿದವರ ಕೈ ತಾನಾಗಿ ಹಾಗೆ ಹೋಗುತ್ತದೆ. ಫೋಟೋದಲ್ಲಿ ಆರೂ ಹುಡುಗಿಯರು ಬಲಗೈಯಲ್ಲಿ ಮುಂದಿನಿಂದ ತಿರುಪನ್ನು ನಲ್ಲಿಯ ಹಾಗೆ ಹಿಡಿದಿದ್ದಾರೆ. ಫ್ಲಾಸ್ಕು ಮೇಜಿನ ಮೇಲೆ ತಣ್ಣಗೆ ಕೂತಿದೆ. ತುಂಬಲು ಇಟ್ಟ ಆಲಿಕೆಯನ್ನೂ ಮೇಲಿನಿಂದ ತೆಗೆದಿಲ್ಲ. ರಸಾಯನಶಾಸ್ತ್ರ ಓದಿದ ಯಾರಿಗೂ ಒಂದು ಗಳಿಗೆ ಸಾಕು. ಆ ನೂಲಿನ ಸೀರೆಯವರಿಗೆ ಅರ್ಧ ಗಳಿಗೆ.

ಮೊದಲು ಹುಡುಗಿಯರ ಮೇಲೆ ಸಿಟ್ಟು ಬಂತು. ಶರಯೂನನ್ನು ಕರೆಸಿದೆ.

“ಮೊದಲ ನಂಬರ್ ಬರಾಕಿ ನೀನು. ತಿರುಪು ಹಿಡಿಯಾಕ ಬರೂದಿಲ್ಲ? ಮೂರು ವರ್ಷ ಪ್ರಯೋಗದಾಗ ಏನ್ ಮಾಡಿದಿ?”

“ಬರಕೊಂಡೇನ್ರಿ ಮೇಡಂ.”

ಉದ್ಧಟತನ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಹೋಗು ಎಂದೆ. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಮೇಡಂ, ಸಿಟ್ಟಾಗಬ್ಯಾಡ್ರಿ. ಫೋಟೋಕ್ಕ ಬ್ಯಾಡ್ರಿ. ಖರೇನ ಕಲಸ್ರಿ.”

“ಸೋಮವಾರ ನಾಕು ಗಂಟೆಗೆ ಬಾ” ಎಂದೆ. ಯಾಕೆ ಹಾಗೆಂದೆನೋ. ನಾಲ್ಕಕ್ಕೆ ನಾನು ಮನೆಗೆ ಹೊರಡಬೇಕು; ನಾವು ಜೈನರು, ಸೂರ್ಯ ಮುಳುಗುವುದರೊಳಗೆ ನಮ್ಮಲ್ಲಿ ಊಟ ಆಗಬೇಕು.

ಜನವರಿ 20, ಸೋಮವಾರ

ಫೋಟೋ ಹೋದರೆ ಹೋಗಲಿ. ಅದಕ್ಕಿಂತ ಗಟ್ಟಿ ಪುರಾವೆ ನನ್ನ ಕಪಾಟಿನಲ್ಲೇ ಇದೆ!

ನಾಲ್ಕು ಜನರ ಒಂದೊಂದು ಗುಂಪಿಗೆ ಒಂದು ರಫ್ ಬುಕ್ ಇರುತ್ತದೆ. ಪ್ರಯೋಗ ನಡೆಯುತ್ತಿರುವಾಗಲೇ ಅಂಕಿಗಳನ್ನು ಅದರಲ್ಲಿ ಬರೆಯಬೇಕು, ಆಮೇಲೆ ಎಲ್ಲರೂ ಅದನ್ನು ನೋಡಿ ತಮ್ಮ ತಮ್ಮ ಜರ್ನಲ್ಲಿಗೆ ಇಳಿಸಿಕೊಳ್ಳುತ್ತಾರೆ. ಬೇರೆ ಕಾಲೇಜುಗಳಲ್ಲಿ ವರ್ಷದ ಕೊನೆಗೆ ಅವು ರದ್ದಿಗೆ ಹೋಗುತ್ತವೆ. ನಾನು ಏಳು ವರ್ಷದ್ದು ಇಟ್ಟಿದ್ದೇನೆ, ಎಂಬತ್ತನಾಲ್ಕು ಪುಸ್ತಕ. ಮಧ್ಯಾಹ್ನವೆಲ್ಲ ಬಾಪು ದೂಳು ಝಾಡಿಸಿ ಕೊಡುತ್ತ ಹೋದ, ನಾನು ತಿರುವುತ್ತ ಹೋದೆ. ಪುಟದ ಕೆಳಗೆ ನಾಲ್ವರ ಸಹಿ. ಹುಡುಗಿಯರ ಹೆಸರಿಲ್ಲದ ಒಂದು ಪುಟ ತೋರಿಸಲಿ ನೋಡೋಣ.

ಉತ್ತರದ ಕರಡು ಬರೆದೆ: “ಈ ಆಕ್ಷೇಪ ವಾಸ್ತವವಲ್ಲ. ಏಳು ವರ್ಷಗಳ ಮೂಲ ದಾಖಲೆ ಲಗತ್ತಿಸಿದೆ. ಪ್ರತಿ ಪ್ರಯೋಗದಲ್ಲೂ ವಿದ್ಯಾರ್ಥಿನಿಯರ ಪಾಲು ಸ್ಪಷ್ಟವಾಗಿದೆ.” ಸರ್‌ಗೆ ತೋರಿಸಿದೆ. “ಹಿಂಗ್ ಬೇಕ್ ನೋಡ್ರಿ! ಅವರ ಬಾಯಾಗ ಬೀಗಾ!” ಎಂದು ಮೇಜು ಕುಟ್ಟಿದರು. ನನಗೂ ಖುಷಿಯಾಯಿತು. ನಾಲ್ಕಕ್ಕೆ ಶರಯೂ ಬಂದಳು, ಎರಡು ಸಲ ಮಾಡಿಸಿದೆ. ಎರಡೂ ಸಲ ಹನಿ ಮೀರಿ ನೀರು ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. ಮನೆಗೆ ಹೋಗುವಷ್ಟರಲ್ಲಿ ಕತ್ತಲು, ಊಟವಿಲ್ಲ.

ಜನವರಿ 22, ಬುಧವಾರ

ಎಂಬತ್ತನಾಲ್ಕು ಪುಸ್ತಕವನ್ನು ಯಾರು ಲಗತ್ತಿಸುತ್ತಾರೆ, ಆಯ್ದ ಪುಟಗಳ ಪ್ರತಿ ತೆಗೆಸೋಣ ಎಂದು ಕೂತೆ. ಚೆಂದದ ಅಕ್ಷರದ ಪುಟಗಳನ್ನು ಆರಿಸಬೇಕಿತ್ತು. ಆರಿಸಲು ಆಗಲಿಲ್ಲ, ಎಲ್ಲವೂ ಚೆಂದವಾಗಿದ್ದವು.

ಎಲ್ಲವೂ. ಏಳು ವರ್ಷ, ಎಂಬತ್ತನಾಲ್ಕು ಪುಸ್ತಕ, ಗುಂಡಗುಂಡಗೆ ಓರಣದ ಅಕ್ಷರ. ಹುಡುಗರ ಕಾಗೆಕಾಲು ಹುಡುಕಿದೆ. ಅವರ ಸಹಿಗಳಲ್ಲಿ ಮಾತ್ರ ಸಿಕ್ಕಿತು. ಒಂದು ಅಂಕಿಯನ್ನೂ ಒಬ್ಬ ಹುಡುಗ ಬರೆದಿಲ್ಲ. ಒಂದು ಕೈಯಲ್ಲಿ ತಿರುಪು, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದವನು ಪೆನ್ನು ಎಲ್ಲಿ ಹಿಡಿಯುತ್ತಾನೆ? ಪೆನ್ನು ಹಿಡಿದವಳು ತಿರುಪನ್ನು ಎಲ್ಲಿ ಹಿಡಿಯುತ್ತಾಳೆ?

ಆ ಹೆಂಗಸು ನೋಡಿದ್ದು ಎರಡು ಗಂಟೆಯದ್ದು. ನಾನು ಏಳು ವರ್ಷದ ಪುರಾವೆ ಕಟ್ಟಿ ಅವರ ಕೈಗೆ ಕೊಡಲು ಹೊರಟಿದ್ದೆ.

ಬಾಪುವನ್ನು ಕೇಳಿದೆ. “ಬಾಪು, ಖರೇ ಹೇಳು. ಪರೀಕ್ಷಾದಾಗ ಒಬ್ಬೊಬ್ಬರ ಮಾಡಬೇಕಲ್ಲ, ಹುಡುಗ್ಯಾರು ಹೆಂಗ ಮಾಡ್ತಾರ?”

“ನಾ ತುಂಬಿ ಕೊಡತೀನ್ರಿ ಬಾಯಾರ. ಬಾಜೂಕಿನಂವನ ಅಂಕಿ ನೋಡಿ ಹತ್ತಿರಾ ಹತ್ತಿರಾ ಬರೀತಾರ. ಪಾಪ, ಗಾಬರಿ ಆಗಿರತಾವು ಹುಡುಗ್ಯಾರು. ಗಾಜು ಒಡದ್ರ?”

“ಎಷ್ಟು ವರ್ಷದಿಂದ?”

“ನೀವು ಬರೂಕಿಂತ ಮೊದಲಿಂದೂ ಹಂಗ ಐತ್ರಿ. ನಿಮಗ ಗೊತ್ತಿರ್ತೈತಿ ಅಂದ್ಕೊಂಡಿದ್ದೆ.”

ಗೊತ್ತಿರಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ ಎನ್ನುವುದು ಸರಿ.

ಜನವರಿ 23, ಗುರುವಾರ

ತಲೆನೋವು. ಶರಯೂ ಜೊತೆ ಇನ್ನಿಬ್ಬರು ಹುಡುಗಿಯರು ಬಂದರು. ಮೂವರಿಗೂ ಹನಿ ಮೀರಿತು.

ಜನವರಿ 24, ಶುಕ್ರವಾರ

ಪ್ರತಿ ಜೂನಿನಲ್ಲಿ ಗುಂಪು ಮಾಡುವಾಗ ನಾನು ಒಂದು ಮಾತು ಹೇಳುತ್ತೇನೆ. ಇವತ್ತು ಶರಯೂ ಅದನ್ನು ನನ್ನದೇ ಧಾಟಿಯಲ್ಲಿ ಹೇಳಿ ತೋರಿಸಿದಳು. ಹುಡುಗಿಯರು ಮೂವರೂ ನಕ್ಕರು, ನಾನೂ ನಕ್ಕೆ. “ಅಕ್ಷರಾ ಚೆಂದ ಇದ್ದವರು ಪೆನ್ನು ಹಿಡೀರಿ, ಧೈರ್ಯ ಇದ್ದವರು ಬ್ಯೂರೆಟ್ ಹಿಡೀರಿ. ಗಾಜು ಒಡದ್ರ ಮಾತ್ರ ನನ್ನಷ್ಟು ಕೆಟ್ಟಾಕಿ ಇಲ್ಲ!” ಹತ್ತೊಂಬತ್ತು ಜೂನ್ ಹೇಳಿದ್ದೇನೆ. ಹುಡುಗಿಯರು ಬೇಡ ಎಂದು ನಾನು ಎಂದೂ ಹೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ.

ಹಾಗಾದರೆ ನಾನು ಹೇಗೆ ಕಲಿತೆ? ಇಷ್ಟು ದಿನ ನನ್ನ ಜಾಣತನ ಅಂದುಕೊಂಡಿದ್ದೆ. ಕೊಲ್ಲಾಪುರದಲ್ಲಿ ನಮ್ಮ ಕ್ಲಾಸಿನಲ್ಲಿ ಇದ್ದದ್ದೇ ಮೂವರು ಹುಡುಗಿಯರು. ಹುಡುಗರ ಜೊತೆ ನಿಲ್ಲಿಸುವುದು ಬೇಡ ಎಂದು ಮೂವರನ್ನೂ ಒಂದೇ ಗುಂಪಿಗೆ ಹಾಕಿದ್ದರು. ಮಾಡಲು ಬೇರೆ ಯಾರೂ ಇರಲಿಲ್ಲ, ಮಾಡಿದೆವು.

ಜನವರಿ 27, ಸೋಮವಾರ

ಮೂರನೇ ವರ್ಷದ ಪ್ರಯೋಗದಲ್ಲಿ ಇವತ್ತು ಗುಂಪು ಒಡೆದೆ. ಹುಡುಗಿಯರೆಲ್ಲ ಬ್ಯೂರೆಟ್ಟಿಗೆ, ಹುಡುಗರೆಲ್ಲ ಪೆನ್ನಿಗೆ. ಗದ್ದಲವೋ ಗದ್ದಲ.

“ಮೇಡಂ, ನಾವು ಬರದ್ರ ನಿಮಗ ಓದಾಕ ಬರೂದಿಲ್ರಿ!” ಎಂದ ಓಂಕಾರ ಪಾಟೀಲ.

“ಓದಾಕ ಬರೂತನಕಾ ಬರಿ” ಎಂದೆ.

ಎರಡು ಫ್ಲಾಸ್ಕು, ಒಂದು ಪಿಪೆಟ್, ಶರಯೂ ಕೈಯಲ್ಲಿ ಒಂದು ಬ್ಯೂರೆಟ್ ಒಡೆದವು. ಹುಡುಗಿ ಬಿಳಚಿಕೊಂಡು ನನ್ನ ಮುಖ ನೋಡಿದಳು. ಬಾಪು ಪೊರಕೆ ಹಿಡಿದು ಓಡಿ ಬಂದ. “ಪೊರಕೆ ಅಕಿಗಿ ಕೊಡು” ಎಂದೆ. ಅವಳೇ ಗುಡಿಸಿದಳು, ಅವಳೇ ಇನ್ನೊಂದನ್ನು ಕಪಾಟಿನಿಂದ ತಂದು ನಿಲ್ಲಿಸಿದಳು. ನನಗೆ ಸಿಟ್ಟು ಬರಲೇ ಇಲ್ಲ. ವಯಸ್ಸಾಯಿತೇನೋ.

ಅತ್ತೆ ಬೆಳಿಗ್ಗೆ ಡಬ್ಬಿಗೆ ಹಾಲಿನಲ್ಲಿ ಕಲಸಿದ ನಾಲ್ಕು ದಶಮಿ ರೊಟ್ಟಿ ಹೆಚ್ಚು ಹಾಕಿ ಕೊಟ್ಟಿದ್ದರು. “ಸಂಜಿ ಊಟಾ ಬಿಟ್ಟು ಏನ್ ವ್ರತಾ ಹಿಡದೀ ಉಜ್ವಲಾ? ದೇವರಿಗಿ ಗೊತ್ತಿಲ್ಲದ ವ್ರತಾ! ಹೊತ್ತು ಮುಣಗೂದರಾಗ ಅಲ್ಲೇ ನಾಕ್ ತುತ್ತು ತಿನ್ನು.” ನಾಲ್ಕು ದಶಮಿಯನ್ನೂ ಹುಡುಗಿಯರೇ ಮುಗಿಸಿದರು.

ಜನವರಿ 29, ಬುಧವಾರ

ಹೊಸ ಉತ್ತರವನ್ನು ಜಗದಾಳೆ ಸರ್ ಮುಂದೆ ಇಟ್ಟೆ. ಮೊದಲ ಪದವೇ ‘ಒಪ್ಪಿದೆ’. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು.

“ಮೊನ್ನೆ ಏಳು ವರ್ಷದ ಪುರಾವೆ ಅಂದ್ರಿ.”

“ಅದು ಅವರ ಪುರಾವೆ ಸರ್, ನಮ್ಮದಲ್ಲ.” ಪುಸ್ತಕ ಬಿಚ್ಚಿ ತೋರಿಸಿದೆ. ಅವರು ಇತಿಹಾಸದವರಾದರೂ ದಡ್ಡರಲ್ಲ, ಎರಡು ಪುಟಕ್ಕೆ ಅರ್ಥವಾಯಿತು.

“ಇದು ನಮಗ ಇಬ್ಬರಿಗಷ್ಟ ಕಾಣತೈತಿ ಮೇಡಂ. ಹೆಸರು ಅದಾವು, ಸಹಿ ಅದಾವು. ಕಳಸಿ ಬಿಡ್ರಿ. ಎಂ.ಎಸ್ಸಿ. ಬರಲಿ, ಆಮ್ಯಾಲ ನಿಮಗ ಹೆಂಗ ಬೇಕೋ ಹಂಗ ಕಲಸ್ರಿ. ಯಾರು ಬ್ಯಾಡಂದಾರ?”

“ಸುಳ್ಳು ಆಗ್ತೈತ್ರಿ ಸರ್.”

“ಖರೇ ಹೇಳಿ ನೀವು ಹಗುರ ಆಗ್ತೀರಿ. ಆ ಹುಡುಗ್ಯಾರು? ಅವರ ಹಾದಿ ನೀವ ಕೈಯಾರೆ ಮುಚ್ಚಿದಂಗ ಆಗೂದಿಲ್ಲೇನು? ಅದನ್ನೂ ವಿಚಾರ ಮಾಡ್ರಿ.”

ಅವರು ಕೆಟ್ಟವರಾಗಿದ್ದರೆ ಚೆನ್ನಾಗಿತ್ತು. ಜಗಳವಾಡಿ ಬರಬಹುದಿತ್ತು. “ಎರಡೂ ಕರಡು ಇರಲಿ. ಶನಿವಾರ ಯಾವುದು ತರತೀರೋ ಅದಕ್ಕ ಸಹಿ ಹಾಕತೀನಿ” ಎಂದರು. ಈಗ ನನ್ನ ಚೀಲದಲ್ಲಿ ಎರಡು ಹಾಳೆಗಳಿವೆ. ಒಂದರಲ್ಲಿ ಎಂ.ಎಸ್ಸಿ. ಇದೆ.

ಜನವರಿ 30, ಗುರುವಾರ

ಸುದ್ದಿ ಹೇಗೆ ಹರಡಿತೋ. ಸ್ಟಾಫ್‌ರೂಮಿಗೆ ಹೋದರೆ ಮಾತು ನಿಲ್ಲುತ್ತದೆ. ಶಿರೋಳೆ ಸರ್ ಮಾತ್ರ ನೇರವಾಗಿ, “ಹರಿಶ್ಚಂದ್ರನ ಕಥಿಯೊಳಗ ಮೊದಲ ಮಾರಾಟ ಆದಾವ್ರು ಹೆಂಡತಿ ಮತ್ತ ಮಗಾ ಮೇಡಂ, ನೆನಪಿರ್ಲಿ” ಎಂದರು.

ನಾಲ್ಕಕ್ಕೆ ಹುಡುಗಿಯರು ಬಂದಾಗ ನಾನು ಏನೂ ಹೇಳಿರಲಿಲ್ಲ. ಹೇಳುವುದು ತಪ್ಪು, ಇಪ್ಪತ್ತರ ಹುಡುಗಿಯ ತಲೆಯ ಮೇಲೆ ಇಂಥ ಹೊರೆ ಹೊರಿಸಬಾರದು. ಆದರೆ ಅವರಿಗೆಲ್ಲ ಗೊತ್ತಿತ್ತು. ಉಳಿದಿಬ್ಬರು ಹೋದ ಮೇಲೆ ಶರಯೂ ಗಾಜು ತೊಳೆಯುತ್ತ ನಿಂತಳು.

“ಮೇಡಂ, ಎಂ.ಎಸ್ಸಿ. ನಿಂತ್ರ ಬಾಬಾ ನನ್ನ ಮನ್ಯಾಗ ಕೂಡಸ್ತಾರ್ರಿ.”

“ಗೊತ್ತೈತವಾ.”

“ನನಗ ಭಾಳ ಅಂಜಿಕಿ ಆಗೈತಿ.” ಇನ್ನೊಂದು ಫ್ಲಾಸ್ಕು ತೊಳೆದಳು. ಆಮೇಲೆ ಕೇಳಿದಳು, “ಆದ್ರ ಸುಳ್ಳು ಬರದು ಎಂ.ಎಸ್ಸಿ. ಬಂತಂದ್ರ ಎಲ್ಲಾ ಬರೋಬ್ಬರ ಐತಿ ಅಂತ ಆತಲ್ರಿ. ಮತ್ತ ಅಲ್ಲೂ ನಾನ ಬರೀಬೇಕೇನ್ರಿ?”

ಉತ್ತರಕ್ಕೆ ಕಾಯದೆ ಕೊನೆಯ ಬಸ್ಸಿಗೆ ಓಡಿದಳು.

ಫೆಬ್ರವರಿ 1, ಶನಿವಾರ

ಕಳಿಸಿದೆ. ಪ್ರತಿಯನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರಾದರೂ ನಾನು ಬೇರೆ ಏನೋ ಬರೆದೆ ಎಂದರೆ ನನಗಾದರೂ ನೆನಪಿರಲಿ.

“ಏಳನೆಯ ಆಕ್ಷೇಪ: ಒಪ್ಪಿದೆ. ತಂಡ ಎರಡು ಗಂಟೆ ಕಂಡದ್ದು ಕನಿಷ್ಠ ಏಳು ವರ್ಷದಿಂದ ನಡೆದಿದೆ. ಗುಂಪಿನ ರಫ್ ಬುಕ್ಕುಗಳಲ್ಲಿ ಎಲ್ಲ ಅಂಕಿಗಳೂ ವಿದ್ಯಾರ್ಥಿನಿಯರ ಕೈಬರಹದಲ್ಲಿವೆ, ಮಾದರಿ ಪುಟಗಳನ್ನು ಲಗತ್ತಿಸಿದೆ. ಹೀಗೆ ಗುಂಪು ಮಾಡಿದವಳು ವಿಭಾಗದ ಮುಖ್ಯಸ್ಥೆಯಾದ ನಾನು. ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯರಿಗೆ ಸಿಗುತ್ತಿದ್ದ ಸಹಾಯವನ್ನು ನಿಲ್ಲಿಸಿದ್ದೇವೆ. ಜನವರಿ 27ರಿಂದ ಮೂರನೇ ವರ್ಷದ ವಿದ್ಯಾರ್ಥಿನಿಯರು ಪ್ರಯೋಗಗಳನ್ನು ಸ್ವತಃ ಮಾಡುತ್ತಿದ್ದಾರೆ. ಯಾವತ್ತು ಬೇಕಾದರೂ ತಿಳಿಸದೆ ಬಂದು ನೋಡಬಹುದು.”

ಜಗದಾಳೆ ಸರ್ ಎರಡು ಸಲ ಓದಿದರು. “ಮಾಡಿದವಳು ನಾನು ಅನ್ನೂ ಸಾಲು ತಗೀರಿ ಮೇಡಂ. ನಿಮ್ಮ ನೌಕರಿಗೂ ತ್ರಾಸು” ಎಂದರು. ಇರಲಿ ಎಂದೆ. ಸಹಿ ಹಾಕಿದರು. ಪೆನ್ನಿನ ಕ್ಯಾಪು ಹಾಕುತ್ತ “ನಿಮ್ಮ ಅಕ್ಷರಾ ಭಾಳ ಚೆಂದ ಐತ್ರಿ” ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಸಂಜೆ ಬಿಸಿಲಿರುವಾಗಲೇ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮಾರ್ಚ್ 24, ಸೋಮವಾರ

ನಿರ್ಣಯ ಬಂತು. ಗ್ರೇಡ್ ಒಂದು ಮೆಟ್ಟಿಲು ಇಳಿದಿದೆ. ಎಂ.ಎಸ್ಸಿ. ಮುಂದಿನ ವರ್ಷದ ಮರುಭೇಟಿಯವರೆಗೆ ಇಲ್ಲ. ನಮ್ಮ ಉತ್ತರದ ಬಗ್ಗೆ ಒಂದು ಸಾಲು: “ಸಂಸ್ಥೆಯ ಉತ್ತರವನ್ನು ದಾಖಲಿಸಿಕೊಳ್ಳಲಾಗಿದೆ.” ಹೊಗಳಿಕೆ ಬೇಡವಾಗಿತ್ತು. ಇಷ್ಟು ಒಣ ಸಾಲೂ ಬೇಡವಾಗಿತ್ತು.

ಒಳಕೋಣೆಗೆ ಬಂದು ಅತ್ತುಬಿಟ್ಟೆ. ಬಾಪು ಬಾಗಿಲು ಎಳೆದುಕೊಂಡು ಹೊರಗೆ ನಿಂತ, ಯಾರನ್ನೂ ಬಿಡಲಿಲ್ಲ.

ಏಪ್ರಿಲ್ 8, ಮಂಗಳವಾರ

ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಬಾಪು ಕೈಕಟ್ಟಿ ಮೂಲೆಯಲ್ಲಿ ಕೂತಿದ್ದ, ಕಾಲು ಮಾತ್ರ ಅಲ್ಲಾಡುತ್ತಿತ್ತು. ಇಬ್ಬರು ಹುಡುಗಿಯರು ಫೇಲಾಗಬಹುದು, ಓಂಕಾರ ಪಾಟೀಲನೂ ಆಗಬಹುದು. ಹಿಂದೆ ನಮ್ಮಲ್ಲಿ ಪ್ರಾಯೋಗಿಕದಲ್ಲಿ ಯಾರೂ ಫೇಲಾಗುತ್ತಿರಲಿಲ್ಲ. ಶರಯೂ ಮೂರು ಸಲವೂ ಒಂದೇ ಅಂಕಿ ತಂದಳು.

ಜೂನ್ 16, ಸೋಮವಾರ

ಸಾಂಗಲಿಯ ಎಂ.ಎಸ್ಸಿ. ಅರ್ಜಿಗೆ ಶುಕ್ರವಾರ ಕೊನೆಯ ದಿನ. ಶರಯೂ ಅರ್ಜಿ ತುಂಬಿದ್ದಾಳೆ, ಅಪ್ಪ ಬೇಡ ಎಂದಿದ್ದಾರೆ, ಗಂಡು ನೋಡುತ್ತಿದ್ದಾರೆ ಎಂದು ಬಾಪು ಸುದ್ದಿ ತಂದ. ವಿದ್ಯಾರ್ಥಿಗಳ ಮನೆಗೆ ಹೋಗುವುದು ನನ್ನ ಪದ್ಧತಿಯಲ್ಲ. ಬೆಳಿಗ್ಗೆ ಎದ್ದವಳೇ ಬಸ್ಸು ಹತ್ತಿದೆ.

ಶರಯೂಳ ಅಪ್ಪ ದತ್ತೋಬಾ ಸುತಾರರು ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಚೌಕಟ್ಟಿಗೆ ಕೀಸುಳಿ ಹೊಡೆಯುತ್ತಿದ್ದರು. ಹಲಗೆಯೊಂದನ್ನು ಒರೆಸಿ ಕೂಡಿಸಿದರು, ನೀರು ಕೊಟ್ಟರು. ಮರ್ಯಾದೆಗೆ ಕೊರತೆ ಮಾಡಲಿಲ್ಲ, ಮಾತಿಗೂ ಮಾಡಲಿಲ್ಲ.

“ಮೇಡಂ, ನೀವ ಬರದ ಕೊಟ್ಟೀರಂತಲ್ಲ, ನಮ್ಮ ಹುಡುಗ್ಯಾರಿಗಿ ಕೆಲಸಾ ಕಲಸಿಲ್ಲ ಅಂತ?”

“ಹೌದ್ರಿ.”

“ಅದರಿಂದ ನಿಮ್ಮಲ್ಲಿ ಆಗೂದು ತಪ್ಪಿತು. ಮತ್ತ ಯಾವ ಮುಖಾ ಇಟ್ಕೊಂಡು ಸಾಂಗ್ಲಿಗಿ ಕಳಸ್ರಿ ಅನ್ನಾಕ ಬಂದೀರಿ?”

“ಇದ ಮುಖಾ ಇಟ್ಕೊಂಡ್ರಿ ದತ್ತೋಬಾ. ಕಲಸೇನಿ ಅಂತ ಸುಳ್ಳು ಬರದಿದ್ರ ನಿಮ್ಮ ಅಂಗಳಕ್ಕ ಬರಾಕ ನನಗ ಮುಖಾ ಇರ್ತಿರಲಿಲ್ಲ” ಎಂದೆ.

ಅವರು ಮತ್ತೆ ಕೀಸುಳಿ ಎಳೆದರು. ನಾಲ್ಕು ಸಲ, ಐದು ಸಲ. ಆಮೇಲೆ ಒಳಗೆ ಮುಖ ಮಾಡಿ “ಶರೂ!” ಎಂದು ಕೂಗಿದರು. ಜೋಳದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಆ ಗಾಜಿನ ಕೆಲಸಾ ನಿನಗ ಈಗ ಬರ್ತೈತೇನ?”

“ಬರ್ತೈತಿ ಬಾಬಾ.”

“ಎಷ್ಟ ಕೆಡಸಿದಿ?”

ಅವಳು ನನ್ನ ಕಡೆ ನೋಡಿದಳು. “ಹನ್ನೊಂದು ಸಲಾ ಕೆಟ್ಟತು. ಒಂದು ಒಡದೆ” ಎಂದಳು.

“ಹನ್ನೆರಡನೇದು?”

“ಬರೋಬ್ಬರ ಬಂತು. ಹದಿಮೂರನೇದೂ ಬಂತು.”

ದತ್ತೋಬಾ ಕೀಸುಳಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನನ್ನ ಮಗ ಎಂಟು ಚೌಕಟ್ಟು ಕೆಡಸ್ಯಾನ್ರಿ ಮೇಡಂ. ಅಂವ ಕೆಡಸಿದ್ರ ಕಲ್ಯಾಕತ್ಯಾನ ಅಂತಿದ್ದೆ. ಇಕಿ ಸಣ್ಣಾಕಿ ಇದ್ದಾಗ ದಿನಾ ಇಲ್ಲೇ ಕುಂತು ನೋಡಾಕಿ. ಕೈ ಕೊಯ್ಕೋತಾಳ ಅಂತ ನಾ ಒಂದ ಸಲಾನೂ ಉಳಿ ಕೊಡಲಿಲ್ಲ.”

ಅವರು ಚೌಕಟ್ಟಿನ ಮೇಲಿನ ಹೊಟ್ಟನ್ನು ಕೈಯಿಂದ ಸವರಿ ಕೆಳಗೆ ಕೆಡವಿದರು.

“ಸಾಂಗ್ಲಿ ಬಸ್ ಮುಂಜಾನಿ ಎಷ್ಟಕ್ಕ ಐತಿ?”

“ಆರೂಕಾಲಿಗಿ” ಎಂದೆವು, ನಾನೂ ಶರಯೂ ಇಬ್ಬರೂ ಒಟ್ಟಿಗೇ.